ಹಳದಿ ಸ್ಮೈಲಿಯ ಹಿಂದಿನ ಹುಡುಗ

ನಮ್ಮ ಕ್ಯಾಂಟೀನಿಗೆ ಯಾವ ಮಧ್ಯಾಹ್ನ ಹೋಗಿ ನಿಂತರೂ ಆ ಕಪ್ಪು ಟಿ-ಶರ್ಟ್ ಒಂದಾದ್ರೂ ಕಣ್ಣಿಗೆ ಬೀಳುತ್ತೆ. ಹಳದಿ ಗೆರೆಯಲ್ಲಿ ಬರೆದ ಸೊಟ್ಟ ಸ್ಮೈಲಿ, ಕಣ್ಣಿರಬೇಕಾದ ಜಾಗದಲ್ಲಿ ಎರಡು ಇಂಟು ಮಾರ್ಕು, ಹೊರಗೆ ಚಾಚಿದ ನಾಲಿಗೆ, ಮೇಲೆ ನಿರ್ವಾಣ ಅನ್ನೋ ಹೆಸರು. ಹಾಕ್ಕೊಂಡವರಲ್ಲಿ ಎಷ್ಟೋ ಜನ ಅದನ್ನ ಯಾವುದೋ ಬಟ್ಟೆ ಬ್ರ್ಯಾಂಡ್ ಅಂದ್ಕೊಂಡಿರ್ತಾರೆ. ಅವರನ್ನ ನೋಡಿ ನಾನು ನಗಲ್ಲ, ಯಾಕಂದ್ರೆ ನಾನೂ ಹಾಗೇ ಅಂದ್ಕೊಂಡಿದ್ದೆ. ಫಸ್ಟ್ ಇಯರ್‌ನಲ್ಲಿ ಅದೇ ಟಿ-ಶರ್ಟ್ ಹಾಕ್ಕೊಂಡು ಹಾಸ್ಟೆಲ್ ಮೆಸ್ಸಿಗೆ ಹೋದಾಗ ಸೀನಿಯರ್ ಒಬ್ಬರು ನಿಲ್ಲಿಸಿ ಈ ಬ್ಯಾಂಡಿನ ಮೂರು ಹಾಡಿನ ಹೆಸರು ಹೇಳು ಅಂದರು. ಒಂದೂ ಬರಲಿಲ್ಲ. ಸುತ್ತ ಇದ್ದವರೆಲ್ಲ ನಕ್ಕರು. ಅವತ್ತು ರಾತ್ರಿ ಮಾನ ಉಳಿಸಿಕೊಳ್ಳೋಕೆ ಅಂತ ಇಯರ್‌ಫೋನ್ ಹಾಕ್ಕೊಂಡು ಕೂತವನು ಬೆಳಗಿನ ಜಾವದವರೆಗೂ ಏಳಲಿಲ್ಲ.

ಆ ಬ್ಯಾಂಡನ್ನ ಕಟ್ಟಿದವನು ಕರ್ಟ್ ಕೋಬೇನ್. ಅವನು ತೀರಿಕೊಂಡಿದ್ದು 1994ರಲ್ಲಿ. ಅಂದ್ರೆ ಇದನ್ನ ಓದ್ತಿರೋ ನಾವ್ಯಾರೂ ಆಗ ಹುಟ್ಟೇ ಇರಲಿಲ್ಲ. ಜೀವನ ಚರಿತ್ರೆ ಬರೆಯುವಾಗ ಬಹುವಚನ ಹಾಕಬೇಕು ಅಂತ ನಮ್ಮ ಕನ್ನಡ ಸಂಘದ ಸಂಪಾದಕರು ಹೇಳಿದ್ದಾರೆ. ಆದರೆ 27ನೇ ವಯಸ್ಸಿಗೇ ಹೋಗಿಬಿಟ್ಟ ಹುಡುಗನನ್ನ ಅವರು ಇವರು ಅನ್ನೋಕೆ ನನಗೆ ಬಾಯಿ ಬರ್ತಿಲ್ಲ. ಏಕವಚನದಲ್ಲೇ ಬರೀತೀನಿ, ಕ್ಷಮಿಸಿ.

ಮಳೆಯ ಊರು, ಮುರಿದ ಮನೆ

ಅಮೆರಿಕದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ರಾಜ್ಯ ಇದೆ. ರಾಜಧಾನಿ ವಾಷಿಂಗ್ಟನ್ ಡಿಸಿ ಬೇರೆ, ಇದು ಬೇರೆ. ಅಲ್ಲಿ ಪೆಸಿಫಿಕ್ ಸಮುದ್ರಕ್ಕೆ ಹತ್ತಿರ ಅಬರ್ಡೀನ್ ಅಂತ ಒಂದು ಚಿಕ್ಕ ಊರು. ವರ್ಷದ ಬಹುಪಾಲು ಮಳೆ. ಊರಿಗೆ ಅನ್ನ ಹಾಕ್ತಿದ್ದಿದ್ದು ಕಾಡಿನ ಮರ ಕಡಿಯೋ ಕೆಲಸ ಮತ್ತು ಸಾಮಿಲ್ಲುಗಳು. 1967ರ ಫೆಬ್ರುವರಿ 20ರಂದು ಕರ್ಟ್ ಹುಟ್ಟಿದ್ದು ಅಲ್ಲೇ. ಅಪ್ಪ ಡೊನಾಲ್ಡ್ ಕಾರ್ ಮೆಕ್ಯಾನಿಕ್, ಅಮ್ಮ ವೆಂಡಿ ವೇಟ್ರೆಸ್. ಮೂರು ವರ್ಷದ ನಂತರ ತಂಗಿ ಕಿಮ್ ಬಂದಳು. ಅಮ್ಮನ ಕಡೆಯವರಿಗೆ ಸಂಗೀತದ ಹುಚ್ಚಿತ್ತು. ಚಿಕ್ಕಮ್ಮ ಮೇರಿ ಗಿಟಾರ್ ನುಡಿಸ್ತಿದ್ದರು, ಮಾವ ಚಕ್ ಬ್ಯಾಂಡಿನಲ್ಲಿದ್ದರು. ಹುಡುಗ ಬೀಟಲ್ಸ್ ಹಾಡುಗಳನ್ನ ಹಾಡ್ಕೊಂಡು, ಗೋಡೆ ಪುಸ್ತಕ ಏನೂ ಬಿಡದೆ ಚಿತ್ರ ಬರ್ಕೊಂಡು ಬೆಳೆದ.

ಒಂಬತ್ತನೇ ವಯಸ್ಸಲ್ಲಿ ಅಪ್ಪ ಅಮ್ಮನ ಡಿವೋರ್ಸ್ ಆಯ್ತು. ಅಲ್ಲಿಂದ ಮುಂದಿನ ಹತ್ತು ವರ್ಷ ಅವನಿಗೆ ಸ್ವಂತ ಮನೆ ಅಂತ ಒಂದು ವಿಳಾಸ ಇರಲಿಲ್ಲ. ಸ್ವಲ್ಪ ದಿನ ಅಪ್ಪನ ಹತ್ತಿರ, ಸ್ವಲ್ಪ ದಿನ ಅಮ್ಮನ ಹತ್ತಿರ, ಆಮೇಲೆ ನೆಂಟರ ಮನೆ, ಗೆಳೆಯರ ಮನೆ. ಮೊದಲು ನಗುನಗ್ತಾ ಇದ್ದ ಹುಡುಗ ಒಳಗೊಳಗೇ ಮುದುಡಿಕೊಂಡ ಅಂತ ಮನೆಯವರೇ ಆಮೇಲೆ ನೆನೆಸಿಕೊಂಡಿದ್ದಾರೆ. ಅವನೂ ದೊಡ್ಡವನಾದ ಮೇಲೆ ಈ ಮಾತನ್ನ ಮುಚ್ಚಿಟ್ಟಿಲ್ಲ.

1981ರಲ್ಲಿ 14 ತುಂಬಿದಾಗ ಮಾವ ಚಕ್ ಒಂದು ಆಯ್ಕೆ ಕೊಟ್ಟರು. ಸೈಕಲ್ ಬೇಕಾ, ಗಿಟಾರ್ ಬೇಕಾ? ಕರ್ಟ್ ಗಿಟಾರ್ ತಗೊಂಡ. ಹಳೇದು, ಅಗ್ಗದ್ದು, ಆದರೂ ಸ್ವಂತದ್ದು. ಅವನು ಎಡಚ ಬೇರೆ. ಎಡಗೈಯವರಿಗೆ ಮಾಡಿದ ಗಿಟಾರ್ ಸಿಗೋದೇ ಕಷ್ಟ. ಕಾಲೇಜ್ ಹಾಲಿನಲ್ಲಿ ಬಲಗಡೆ ಹಲಗೆ ಇರೋ ಕುರ್ಚಿಯಲ್ಲಿ ಕೂತು ಇಂಟರ್ನಲ್ಸ್ ಬರೆದ ಎಡಚರಿಗೆ ಆ ಕಷ್ಟ ಗೊತ್ತಿರುತ್ತೆ. ಬಲಗೈ ಗಿಟಾರನ್ನೇ ತಿರುಗಿಸಿ, ತಂತಿ ಅದಲುಬದಲು ಮಾಡಿ ನುಡಿಸೋದನ್ನ ಅವನು ರೂಢಿ ಮಾಡ್ಕೊಂಡ. ಎಸಿ/ಡಿಸಿ, ಲೆಡ್ ಜೆಪ್ಲಿನ್, ಬ್ಲ್ಯಾಕ್ ಸಬ್ಬತ್ ಎಲ್ಲ ಕೇಳ್ತಿದ್ದ. ಅಂದ್ರೆ ಆಗ ಅವನ ಕಿವಿ ಇದ್ದಿದ್ದು ಹಾರ್ಡ್ ರಾಕ್ ಮತ್ತು ಮೆಟಲ್ ಕಡೆಗೆ.

ಪಂಕ್ ಮತ್ತು ಮೆಟಲ್ ನಡುವೆ

ಇಲ್ಲಿ ಸ್ವಲ್ಪ ವಂಶವೃಕ್ಷ ನೋಡೋಣ, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. 1970ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್ ಮೊದಲ ಆಲ್ಬಂ ತಂದಿತು. ಮೆಟಲ್ ಮನೆತನಕ್ಕೆ ಅದೇ ಮೂಲ ಅಂತ ಹೆಚ್ಚಿನವರು ಒಪ್ತಾರೆ. ಭಾರವಾದ ಗಿಟಾರ್, ಕತ್ತಲೆಯ ವಿಷಯ. ಬರ್ತಾ ಬರ್ತಾ ಮೆಟಲ್ ಅಂದ್ರೆ ವೇಗ, ಉದ್ದುದ್ದ ಗಿಟಾರ್ ಸೋಲೋ, ವರ್ಷಗಟ್ಟಲೆ ಸಾಧನೆ ಅಂತಾಯ್ತು. 1970ರ ದಶಕದ ಮಧ್ಯದಲ್ಲಿ ಹುಟ್ಟಿದ ಪಂಕ್ ಇದಕ್ಕೆ ಪೂರ್ತಿ ಉಲ್ಟಾ. ಮೂರು ಕಾರ್ಡ್ ಬಂದ್ರೆ ಸಾಕು, ಇವತ್ತೇ ಬ್ಯಾಂಡ್ ಕಟ್ಟು, ಹೇಳೋಕೆ ಏನಾದ್ರೂ ಇರಲಿ ಅಷ್ಟೇ. ಈ ಎರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ. ಮೆಟಲ್‌ನವರ ಪ್ರಕಾರ ಪಂಕ್‌ನವರಿಗೆ ನುಡಿಸೋಕೆ ಬರಲ್ಲ. ಪಂಕ್‌ನವರ ಪ್ರಕಾರ ಮೆಟಲ್‌ನವರಿಗೆ ಬರೀ ಶೋಕಿ.

ಸಿಯಾಟಲ್ ಮತ್ತು ಅದರ ಸುತ್ತಲ ಊರುಗಳು ಲಾಸ್ ಏಂಜಲೀಸ್‌ಗೂ ದೂರ, ನ್ಯೂಯಾರ್ಕಿಗೂ ದೂರ. ಎಷ್ಟೋ ದೊಡ್ಡ ಬ್ಯಾಂಡುಗಳು ಟೂರ್‌ನಲ್ಲಿ ಆ ಕಡೆ ಬರ್ತಾನೇ ಇರಲಿಲ್ಲ. ಇರೋ ಕೆಲವೇ ಹುಡುಗರು ಸೇರಿ ತಮಗೆ ತಾವೇ ನುಡಿಸ್ಕೊಬೇಕಿತ್ತು. ಜನವೇ ಕಮ್ಮಿ ಇರೋ ಕಡೆ ಪಂಕ್ ಬೇರೆ ಮೆಟಲ್ ಬೇರೆ ಅಂತ ಪಂಕ್ತಿಭೇದ ಮಾಡೋಕಾಗಲ್ಲ. ಎರಡೂ ಒಂದೇ ಎಲೆಗೆ ಬಂತು.

1983ರ ಬೇಸಿಗೆಯಲ್ಲಿ ಪಕ್ಕದ ಮಾಂಟೆಸಾನೋ ಊರಿನ ಸೂಪರ್ ಮಾರ್ಕೆಟ್ ಹಿಂದೆ, ಪಾರ್ಕಿಂಗ್ ಜಾಗದಲ್ಲಿ, ಮೆಲ್ವಿನ್ಸ್ ಅನ್ನೋ ಲೋಕಲ್ ಬ್ಯಾಂಡ್ ನುಡಿಸ್ತಿದ್ದಾಗ 16ರ ಕರ್ಟ್ ಅಲ್ಲಿ ನಿಂತಿದ್ದ. ತಾನು ಹುಡುಕ್ತಿದ್ದಿದ್ದು ಇದನ್ನೇ ಅಂತ ಅವನಿಗೆ ಅವತ್ತೇ ಅನ್ನಿಸಿತು. ಮೆಲ್ವಿನ್ಸ್‌ನ ಬಜ್ ಆಸ್ಬರ್ನ್ ಅವನಿಗೆ ಪಂಕ್ ಕೇಳಿಸಿದ, ಒಂಥರಾ ಗುರು ಆದ. ಮುಂದೆ ಮೆಲ್ವಿನ್ಸ್ ಪಂಕ್‌ನ ವೇಗ ಬಿಟ್ಟು ಸಬ್ಬತ್ ಹಾಗೆ ನಿಧಾನಕ್ಕೆ, ಎತ್ತಿನಗಾಡಿ ಏರು ಹತ್ತೋ ಹಾಗೆ ನುಡಿಸೋಕೆ ಶುರು ಮಾಡಿದರು. ಆಮೇಲೆ ಗ್ರಂಜ್ ಅಂತ ಹೆಸರಾದ ಸಂಗೀತದ ಒಂದು ಮುಖ್ಯ ಬೇರು ಅದು.

ಓದಿನ ಕತೆ ಹೀಗಾಯ್ತು. ಹೈಸ್ಕೂಲ್ ಮುಗಿಯೋಕೆ ಕೆಲವೇ ವಾರ ಇರುವಾಗ ಕ್ರೆಡಿಟ್ ಸಾಲಲ್ಲ ಅಂತ ಗೊತ್ತಾಗಿ ಕರ್ಟ್ ಶಾಲೆ ಬಿಟ್ಟ. ಕ್ರೆಡಿಟ್ ಶಾರ್ಟೇಜ್ ಅನ್ನೋ ಪದ ಕೇಳಿ ನಮ್ಮಲ್ಲಿ ಯಾರ್ಯಾರಿಗೆ ಹೊಟ್ಟೆ ತೊಳಸಿತೋ ಗೊತ್ತಿಲ್ಲ. ನೆಲ ಒರೆಸೋ ಕೆಲಸ ಮಾಡಿದ. ಚಿಕ್ಕಮ್ಮನ ಮನೆಯ ನಾಲ್ಕು ಟ್ರ್ಯಾಕಿನ ರೆಕಾರ್ಡರ್‌ನಲ್ಲಿ ಹಾಡು ತುಂಬಿಸಿದ. ನೋಟ್‌ಬುಕ್ ತುಂಬಾ ಸಾಲುಗಳು, ಚಿತ್ರಗಳು, ಬ್ಯಾಂಡಿಗೆ ಇಡಬಹುದಾದ ಹೆಸರುಗಳು, ಕಳಿಸದೇ ಉಳಿದ ಪತ್ರಗಳು. ಕ್ರೋಯೇಷಿಯಾ ಮೂಲದ, ಆರಡಿಗಿಂತ ಬಹಳ ಎತ್ತರದ ಕ್ರಿಸ್ಟ್ ನೊವೊಸೆಲಿಕ್ ಬೇಸ್ ಹಿಡಿದ. ಅಬರ್ಡೀನ್‌ನಲ್ಲಿ ಕ್ರಿಸ್ಟ್‌ನ ಅಮ್ಮ ಬ್ಯೂಟಿ ಪಾರ್ಲರ್ ನಡೆಸ್ತಿದ್ದರು. ಅದರ ಮಹಡಿಯೇ ಹುಡುಗರ ಪ್ರಾಕ್ಟೀಸ್ ರೂಮು. 1987ರಲ್ಲಿ ಬ್ಯಾಂಡ್ ಶುರುವಾಯ್ತು, ಹಲವು ಹೆಸರು ಬದಲಾಗಿ 1988ರ ಹೊತ್ತಿಗೆ ನಿರ್ವಾಣ ಅಂತ ನಿಂತಿತು. ಪಂಕ್ ಬ್ಯಾಂಡುಗಳ ಹಾಗೆ ಒರಟು ಹೆಸರು ಬೇಡ, ಕೇಳೋಕೆ ಚಂದ ಇರಲಿ ಅಂತ ಅವನು ನಮ್ಮ ಕಡೆಯ ಈ ಪದ ಆರಿಸಿದ. ನೋವು ಆರಿಹೋಗೋ ಸ್ಥಿತಿಗೆ ಬೌದ್ಧರು ಇಟ್ಟ ಹೆಸರು ಅದು.

606 ಡಾಲರ್ 17 ಸೆಂಟ್

1988ರ ಜನವರಿ 23ರಂದು ಸಿಯಾಟಲ್‌ನ ರೆಸಿಪ್ರೊಕಲ್ ಅನ್ನೋ ಚಿಕ್ಕ ಸ್ಟುಡಿಯೋದಲ್ಲಿ ಜ್ಯಾಕ್ ಎಂಡಿನೋ ಅನ್ನೋ ಎಂಜಿನಿಯರ್ ಜೊತೆ ಒಂದೇ ದಿನದಲ್ಲಿ ಡೆಮೋ ಮುಗಿಸಿದರು. ಎಂಡಿನೋ ಅದನ್ನ ಸಬ್ ಪಾಪ್ ಅನ್ನೋ ಲೋಕಲ್ ಲೇಬಲ್‌ಗೆ ದಾಟಿಸಿದ. ಗ್ರಂಜ್ ಅನ್ನೋ ಪದ ಹರಡಿದ್ದೂ ಇಲ್ಲಿಂದಲೇ. ಆ ಪದಕ್ಕೆ ಕೊಳೆ, ಗಲೀಜು ಅಂತ ಅರ್ಥ. 1981ರಲ್ಲೇ ಮಾರ್ಕ್ ಆರ್ಮ್ ಅನ್ನೋ ಗಾಯಕ ತನ್ನದೇ ಬ್ಯಾಂಡನ್ನ ಬೈಯೋಕೆ ಒಂದು ಪತ್ರಿಕೆಗೆ ಬರೆದ ಪತ್ರದಲ್ಲಿ ಇದನ್ನ ಬಳಸಿದ್ದ. 1987ರಲ್ಲಿ ಸಬ್ ಪಾಪ್ ಅದೇ ಆರ್ಮ್ ಇದ್ದ ಗ್ರೀನ್ ರಿವರ್ ಬ್ಯಾಂಡಿನ ರೆಕಾರ್ಡನ್ನ ಹೊಗಳೋಕೆ ಬಳಸಿತು. ಬೈಗುಳ ಬ್ರ್ಯಾಂಡ್ ಆಗಿದ್ದು ಹೀಗೆ.

ನಿರ್ವಾಣದ ಮೊದಲ ಆಲ್ಬಂ ಬ್ಲೀಚ್ ಬಂದಿದ್ದು 1989ರ ಜೂನ್‌ನಲ್ಲಿ. ರೆಕಾರ್ಡಿಂಗ್ ಖರ್ಚು 606 ಡಾಲರ್ 17 ಸೆಂಟ್. ಅದನ್ನೂ ಕೊಡೋಕೆ ಇವರ ಹತ್ತಿರ ದುಡ್ಡಿರಲಿಲ್ಲ. ಜೇಸನ್ ಎವರ್‌ಮನ್ ಅನ್ನೋ ಗೆಳೆಯ ಕೊಟ್ಟ. ಅವನು ಆ ಆಲ್ಬಂನಲ್ಲಿ ಒಂದು ಸ್ವರವನ್ನೂ ನುಡಿಸಿಲ್ಲ, ಆದರೂ ಋಣಕ್ಕೆ ಅಂತ ಕವರ್ ಮೇಲೆ ಗಿಟಾರಿಸ್ಟ್ ಅಂತ ಅವನ ಹೆಸರು ಹಾಕಿದರು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ನಾಲ್ಕನೇ ಹೆಸರು ಇರುತ್ತಲ್ಲ, ಹಾಗೆ.

ಕರ್ಟ್‌ನ ಗಿಟಾರ್ ಸದ್ದಿನ ಬಗ್ಗೆ ಹೇಳದೆ ಮುಂದೆ ಹೋದರೆ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಯಾಗಿ ನನಗೇ ಸಮಾಧಾನ ಆಗಲ್ಲ. ಅವನ ಕಾಲ ಬಳಿ ಬಾಸ್ ಕಂಪನಿಯ ಡಿಎಸ್-1 ಅನ್ನೋ ಕಿತ್ತಳೆ ಬಣ್ಣದ ಪೆಡಲ್ ಇರ್ತಿತ್ತು. ಅದರೊಳಗೆ ಇರೋದು ಥರ್ಡ್ ಸೆಮ್ ಲ್ಯಾಬಿನಲ್ಲಿ ನಾವು ಮಾಡಿದ ಕ್ಲಿಪ್ಪರ್ ಸರ್ಕ್ಯೂಟಿನ ಅಣ್ಣ. ಸಿಗ್ನಲ್ಲನ್ನ ಮೊದಲು ಸಿಕ್ಕಾಪಟ್ಟೆ ಆಂಪ್ಲಿಫೈ ಮಾಡು, ಆಮೇಲೆ ಎದುರುಬದುರು ಜೋಡಿಸಿದ ಎರಡು ಡಯೋಡ್‌ಗಳಿಂದ ಅದರ ತಲೆ ಮತ್ತು ಬುಡ ಕತ್ತರಿಸು. ನುಣುಪಾದ ಅಲೆ ಹೋಗಿ ಚೌಕದ ಹತ್ತಿರ ಬರುತ್ತೆ, ಹಾರ್ಮೋನಿಕ್ಸ್ ತುಂಬಿಕೊಳ್ಳುತ್ತೆ. ಇದರಲ್ಲೊಂದು ತೊಂದರೆ ಇದೆ. ನಾಲ್ಕೈದು ಸ್ವರದ ಪೂರ್ತಿ ಕಾರ್ಡ್ ನುಡಿಸಿದ್ರೆ ಅವುಗಳ ಕೂಡಿಸಿದ, ಕಳೆದ ಫ್ರೀಕ್ವೆನ್ಸಿಗಳೆಲ್ಲ ಹುಟ್ಟಿ ಗೊಜ್ಜು ಆಗುತ್ತೆ. ಅದಕ್ಕೇ ಪವರ್ ಕಾರ್ಡ್. ಮೂಲ ಸ್ವರ ಮತ್ತು ಪಂಚಮ, ಅಷ್ಟೇ. ಅವುಗಳ ಅನುಪಾತ ಹೆಚ್ಚುಕಮ್ಮಿ 2:3. ಒಂದು 100 ಹರ್ಟ್ಸ್ ಇದ್ರೆ ಇನ್ನೊಂದು 150. ಕಳೆದರೆ 50, ಕೂಡಿಸಿದರೆ 250. ಎಲ್ಲವೂ 50ರ ಮಗ್ಗಿಯಲ್ಲೇ ಬೀಳುತ್ತೆ. ನುಡಿಸದೇ ಇದ್ದ, ಒಂದು ಆಕ್ಟೇವ್ ಕೆಳಗಿನ ಸ್ವರವೂ ಕೇಳಿ ಸದ್ದಿಗೆ ತೂಕ ಬರುತ್ತೆ. ಈ ತೂಕ ಮೆಟಲ್‌ನದು. ಆದರೆ ಅದರ ಮೇಲೆ ಕರ್ಟ್ ಕೂರಿಸಿದ್ದು ಪಂಕ್‌ನ ಸರಳತೆ, ಬೀಟಲ್ಸ್ ಥರ ಗುನುಗಬಹುದಾದ ರಾಗ. ಪಿಕ್ಸೀಸ್ ಬ್ಯಾಂಡಿನಿಂದ ಕಲಿತಿದ್ದು ಇನ್ನೊಂದು ಉಪಾಯ. ಮೊದಲು ಪಿಸುಮಾತು, ಆಮೇಲೆ ಇದ್ದಕ್ಕಿದ್ದ ಹಾಗೆ ಸ್ಫೋಟ, ಮತ್ತೆ ಪಿಸುಮಾತು. ಬರೀ ಜೋರಾಗಿದ್ರೆ ಕಿವಿ ಒಗ್ಗಿಬಿಡುತ್ತೆ. ಪಕ್ಕದಲ್ಲಿ ಮೌನ ಇದ್ರೆ ಮಾತ್ರ ಜೋರು ಜೋರು ಅನ್ನಿಸುತ್ತೆ.

ಪ್ರಳಯ

1990ರಲ್ಲಿ ಡ್ರಮ್ಮರ್ ಡೇವ್ ಗ್ರೋಲ್ ಸೇರಿಕೊಂಡ. 1991ರ ಮೇ ತಿಂಗಳಲ್ಲಿ, ದೊಡ್ಡ ಕಂಪನಿಯಾದ ಗೆಫೆನ್ ಜೊತೆ ಒಪ್ಪಂದ ಆಗಿ, ಲಾಸ್ ಏಂಜಲೀಸ್ ಹತ್ತಿರದ ಸೌಂಡ್ ಸಿಟಿ ಸ್ಟುಡಿಯೋದಲ್ಲಿ ನೆವರ್‌ಮೈಂಡ್ ರೆಕಾರ್ಡಿಂಗ್ ಶುರುವಾಯ್ತು. ಪ್ರೊಡ್ಯೂಸರ್ ಬುಚ್ ವಿಗ್. ಒಂದೇ ಹಾಡನ್ನ ಎರಡು ಸಲ ಹಾಡಿ ಒಂದರ ಮೇಲೊಂದು ಕೂರಿಸೋದು ಮೋಸ ಅಂತ ಕರ್ಟ್ ಹಟ ಹಿಡಿದಾಗ, ಜಾನ್ ಲೆನನ್ ಕೂಡ ಹಾಗೇ ಮಾಡ್ತಿದ್ದ ಅಂತ ಹೇಳಿ ವಿಗ್ ಒಪ್ಪಿಸಿದ. ಆಲ್ಬಂನ ಕೊನೆಗೆ ಬರೋ ಒಂದು ಮೆಲುದನಿಯ ಹಾಡು ಎಷ್ಟು ಸಲ ಮಾಡಿದರೂ ಸರಿ ಬರಲಿಲ್ಲ. ಕರ್ಟ್ ಕಂಟ್ರೋಲ್ ರೂಮಿಗೆ ಬಂದು ಸೋಫಾ ಮೇಲೆ ಮಲಗಿ ಹೇಗೆ ಬೇಕು ಅಂತ ಪಿಸುಗುಟ್ಟಿ ತೋರಿಸಿದ. ವಿಗ್ ಎಸಿ ಆಫ್ ಮಾಡಿ, ಫೋನ್ ಕಿತ್ತಿಟ್ಟು, ಅಲ್ಲೇ ಮೈಕ್ ಇಟ್ಟು ರೆಕಾರ್ಡ್ ಮಾಡಿಬಿಟ್ಟ. ಕೊನೆಗೆ ಮಿಕ್ಸಿಂಗ್ ಮಾಡಿದ್ದು ಆಂಡಿ ವಾಲೇಸ್. ಥ್ರ್ಯಾಶ್ ಮೆಟಲ್‌ನ ಸ್ಲೇಯರ್ ಬ್ಯಾಂಡಿಗೆ ಕೆಲಸ ಮಾಡಿದ್ದ ಎಂಜಿನಿಯರ್ ಅವನು. ಅಂದ್ರೆ ಗ್ರಂಜ್‌ನ ಅತಿ ದೊಡ್ಡ ಆಲ್ಬಂ ಮೇಲೆ ಮೆಟಲ್ ಮನೆಯ ಕೈಗುರುತೂ ಇದೆ.

1991ರ ಸೆಪ್ಟೆಂಬರ್ 24ರಂದು ಅದು ಅಂಗಡಿಗೆ ಬಂದಾಗ ಅಮೆರಿಕದಲ್ಲಿ ಕಂಪನಿ ಕಳಿಸಿದ್ದು ಸುಮಾರು 46,000 ಪ್ರತಿ. ಅದಕ್ಕಿಂತ ಹೆಚ್ಚು ಯಾರೂ ನಿರೀಕ್ಷೆ ಮಾಡಿರಲಿಲ್ಲ. 1992ರ ಜನವರಿಯಲ್ಲಿ ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೈಕಲ್ ಜಾಕ್ಸನ್‌ನ ಡೇಂಜರಸ್ ಆಲ್ಬಂ ಅನ್ನ ಕೆಳಗಿಳಿಸಿ ಮೊದಲ ಸ್ಥಾನಕ್ಕೆ ಏರಿತು. ಇಲ್ಲಿಯವರೆಗೆ ಜಗತ್ತಿನಲ್ಲಿ 3 ಕೋಟಿಗಿಂತ ಹೆಚ್ಚು ಮಾರಾಟವಾಗಿದೆ. ಎಲ್ಲರಿಗೂ ಗೊತ್ತಿರೋ ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್ ಹಾಡಿನ ಹೆಸರಿಗೂ ಒಂದು ಕತೆ ಇದೆ. ಗೆಳತಿ ಕ್ಯಾಥ್ಲೀನ್ ಹ್ಯಾನ್ನಾ ಅವನ ಕೋಣೆಯ ಗೋಡೆ ಮೇಲೆ ತಮಾಷೆಗೆ ಗೀಚಿದ ಸಾಲು ಅದು. ಟೀನ್ ಸ್ಪಿರಿಟ್ ಅಂದ್ರೆ ಡಿಯೋಡರೆಂಟ್ ಅಂತ ಕರ್ಟ್‌ಗೆ ಹಾಡು ಹೊರಗೆ ಬಂದ ಮೇಲೆಯೇ ಗೊತ್ತಾಗಿದ್ದು. ಏನೋ ಕ್ರಾಂತಿಯ ಮಾತು ಅಂದ್ಕೊಂಡಿದ್ದ.

ಹಾಗಾದ್ರೆ ಗ್ರಂಜ್ ಮೆಟಲ್ಲಾ, ಅಲ್ವಾ? ನಮ್ಮ ಹಾಸ್ಟೆಲಿನಲ್ಲಿ ಈ ಜಗಳ ವಾರಕ್ಕೊಮ್ಮೆ ನಡೆಯುತ್ತೆ, ಹಾಗಾಗಿ ಕೆಲವು ದಾಖಲೆ ಮುಂದಿಡ್ತೀನಿ. ಸಿಯಾಟಲ್‌ನ ಅಲಿಸ್ ಇನ್ ಚೈನ್ಸ್ 1991ರಲ್ಲಿ ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್ ಜೊತೆ ಟೂರ್ ಮಾಡಿತು. ಸೌಂಡ್‌ಗಾರ್ಡನ್‌ನ ಸ್ಪೂನ್‌ಮ್ಯಾನ್ ಹಾಡಿಗೆ 1995ರಲ್ಲಿ ಗ್ರ್ಯಾಮಿ ಬಂದಿದ್ದು ಮೆಟಲ್ ವಿಭಾಗದಲ್ಲೇ. ಪರ್ಲ್ ಜ್ಯಾಮ್ ಹಳೇ ಕಾಲದ ಹಾರ್ಡ್ ರಾಕ್ ಕಡೆ ವಾಲುತ್ತೆ. ಮಡ್‌ಹನಿ ಪಂಕ್ ಕಡೆ. ನಿರ್ವಾಣ ಪಂಕ್ ಮತ್ತು ಪಾಪ್ ರಾಗಗಳ ಕಡೆ. ಒಂದೇ ಊರಿನ ಸುತ್ತಮುತ್ತಲಿನವರು, ಆದರೆ ಸದ್ದು ನಾಲ್ಕು ಥರ. ಆದ್ದರಿಂದ ನನಗೆ ತಿಳಿದ ಮಟ್ಟಿಗೆ ಗ್ರಂಜ್ ಅನ್ನೋದು ಮೆಟಲ್‌ನ ಒಂದು ಕೊಂಬೆ ಅಲ್ಲ, ಪಂಕ್‌ನದೂ ಅಲ್ಲ. ಎರಡು ಮರದ ಬೇರು ನೆಲದೊಳಗೆ ಹೆಣೆದುಕೊಂಡ ಜಾಗ ಅದು. ಗ್ರಂಜ್ ಬಂದು ಮೆಟಲ್ಲನ್ನ ಕೊಂದಿತು ಅನ್ನೋದೂ ಪೂರ್ತಿ ಸುಳ್ಳು. ಸ್ಪ್ರೇ ಹಾಕಿದ ಕೂದಲಿನ ಗ್ಲ್ಯಾಮ್ ಮೆಟಲ್ ಮೂಲೆ ಸೇರಿದ್ದು ನಿಜ. ಆದರೆ ಮೆಟಾಲಿಕಾದ ಬ್ಲ್ಯಾಕ್ ಆಲ್ಬಂ ಬಂದಿದ್ದು ನೆವರ್‌ಮೈಂಡ್‌ಗಿಂತ ಆರೇ ವಾರ ಮೊದಲು, ಎರಡೂ ಒಟ್ಟೊಟ್ಟಿಗೆ ಮಾರಾಟವಾದವು. 1994ರ ಮಾರ್ಚ್‌ನಲ್ಲಿ ಪ್ಯಾಂಟೆರಾದ ಕಟ್ಟಾ ಮೆಟಲ್ ಆಲ್ಬಂ ಅಮೆರಿಕದಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇ ಬಂತು.

ಕರ್ಟ್‌ಗೆ ಈ ಬೇಲಿಗಳೇ ಆಗ್ತಿರಲಿಲ್ಲ. 1991ರ ಕೊನೆಗೆ ಎಂಟಿವಿಯ ಮೆಟಲ್ ಕಾರ್ಯಕ್ರಮಕ್ಕೆ ಕರೆದಾಗ ಹಳದಿ ಬಣ್ಣದ ಉದ್ದ ಗೌನ್ ಹಾಕ್ಕೊಂಡು ಹೋಗಿ ಕೂತ. ಗಂಡಸುತನದ ಜಂಭವೇ ಬಂಡವಾಳವಾಗಿದ್ದ ಕಾಲದಲ್ಲಿ ಅದು ದೊಡ್ಡ ಮಾತು. ಹೆಂಗಸರನ್ನ ಕೀಳಾಗಿ ಕಾಣೋರು, ಬೇರೆ ಬಣ್ಣದವರನ್ನ, ಸಲಿಂಗಿಗಳನ್ನ ದ್ವೇಷಿಸೋರು ನಮ್ಮ ಕಾರ್ಯಕ್ರಮಕ್ಕೆ ಬರೋದೇ ಬೇಡ ಅಂತ 1992ರ ಆಲ್ಬಂ ಒಂದರ ಒಳಹಾಳೆಯಲ್ಲಿ ಅಚ್ಚು ಹಾಕಿಸಿದ. 1993ರ ಏಪ್ರಿಲ್‌ನಲ್ಲಿ ಬೋಸ್ನಿಯಾ ಯುದ್ಧದಲ್ಲಿ ಅತ್ಯಾಚಾರಕ್ಕೊಳಗಾದ ಹೆಂಗಸರ ನೆರವಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿರ್ವಾಣ ಹಾಡಿತು.

ಅಷ್ಟರಲ್ಲಿ ಹೊರಗೆ ಜಾತ್ರೆ ಶುರುವಾಗಿತ್ತು. ಚಳಿಗೆ ಅಂತ, ಅಗ್ಗಕ್ಕೆ ಸಿಗುತ್ತೆ ಅಂತ ಹುಡುಗರು ಹಾಕ್ತಿದ್ದ ಹಳೇ ಫ್ಲಾನೆಲ್ ಶರ್ಟು 1992ರಲ್ಲಿ ನ್ಯೂಯಾರ್ಕ್ ಫ್ಯಾಷನ್ ಶೋಗೆ ಏರಿತು. ಗ್ರಂಜ್ ಹುಡುಗರ ಭಾಷೆ ಏನು ಅಂತ ನ್ಯೂಯಾರ್ಕ್ ಟೈಮ್ಸ್‌ನವರು ಸಬ್ ಪಾಪ್‌ನಲ್ಲಿ ಮೊದಲು ಕೆಲಸ ಮಾಡ್ತಿದ್ದ ಮೇಗನ್ ಜಾಸ್ಪರ್ ಅನ್ನೋ ಹುಡುಗಿಯನ್ನ ಕೇಳಿದರು. ಅವಳು ಬಾಯಿಗೆ ಬಂದ ಪದಗಳನ್ನೆಲ್ಲ ಸೃಷ್ಟಿ ಮಾಡಿ ಹೇಳಿದಳು. ಪತ್ರಿಕೆ ಅದನ್ನ ನಂಬಿ ಪದಕೋಶ ಅಂತ ಛಾಪಿಸಿತು. ಮುಂದೊಂದು ದಿನ ಅವಳೇ ಸಬ್ ಪಾಪ್‌ನ ಮುಖ್ಯಸ್ಥೆ ಆದಳು.

ನೋವು

ನಗು ಇಲ್ಲಿಗೆ ಸಾಕು. ಕರ್ಟ್‌ಗೆ ವರ್ಷಗಳಿಂದ ತಡೆಯಲಾಗದ ಹೊಟ್ಟೆನೋವಿತ್ತು. ಎಷ್ಟೋ ಡಾಕ್ಟರ್‌ಗಳು ನೋಡಿದರು, ಕಾರಣ ಸರಿಯಾಗಿ ಸಿಗಲಿಲ್ಲ. ನೋವಿಗೆ ಹೆರಾಯಿನ್ ಮದ್ದು ಅಂತ ತನಗೆ ತಾನೇ ಹೇಳ್ಕೊಂಡ. ಮದ್ದು ಅಂತ ಬಂದಿದ್ದು ಯಜಮಾನ ಆಯ್ತು. 1992ರ ಫೆಬ್ರುವರಿಯಲ್ಲಿ ಗಾಯಕಿ ಕರ್ಟ್ನಿ ಲವ್ ಜೊತೆ ಹವಾಯಿಯಲ್ಲಿ ಮದುವೆ, ಆಗಸ್ಟ್‌ನಲ್ಲಿ ಮಗಳು ಫ್ರಾನ್ಸಿಸ್ ಹುಟ್ಟಿದಳು. ಅವನು ಸತ್ತೇಹೋಗ್ತಾನೆ ಅಂತ ಪತ್ರಿಕೆಗಳು ಬರೀತಿದ್ದಾಗ ಆ ತಿಂಗಳ 30ರಂದು ಇಂಗ್ಲೆಂಡಿನ ರೆಡಿಂಗ್ ಫೆಸ್ಟಿವಲ್‌ನಲ್ಲಿ ಆಸ್ಪತ್ರೆ ಗೌನ್ ಹಾಕ್ಕೊಂಡು ವೀಲ್‌ಚೇರ್‌ನಲ್ಲಿ ಸ್ಟೇಜ್ ಮೇಲೆ ಬಂದ. ಕೆಳಗೆ ಬಿದ್ದ ಹಾಗೆ ನಟಿಸಿ, ಎದ್ದು, ಪೂರ್ತಿ ಶೋ ನುಡಿಸಿದ. ವಿಡಿಯೋ ನೋಡಿದ್ರೆ ನಗು ಬರುತ್ತೆ. ಆಮೇಲೆ ಏನಾಯ್ತು ಅಂತ ಗೊತ್ತಿರೋದ್ರಿಂದ ಆ ನಗು ಗಂಟಲಲ್ಲೇ ನಿಲ್ಲುತ್ತೆ.

ನೆವರ್‌ಮೈಂಡ್ ತೀರಾ ನುಣುಪಾಯ್ತು ಅಂತ ಅವನಿಗೆ ಬೇಜಾರಿತ್ತು. ಮುಂದಿನ ಆಲ್ಬಂ ಇನ್ ಯೂಟರೋಗೆ ಸ್ಟೀವ್ ಆಲ್ಬಿನಿಯನ್ನ ಹುಡುಕಿದ. ಆಲ್ಬಿನಿ ತನ್ನನ್ನ ಪ್ರೊಡ್ಯೂಸರ್ ಅಂತ ಕರೆಸಿಕೊಳ್ಳದೆ ಎಂಜಿನಿಯರ್ ಅಂತ ಮಾತ್ರ ಕರೆಸಿಕೊಳ್ತಿದ್ದ. ಮಾಡಿದ ಕೆಲಸಕ್ಕೆ ಒಂದು ಸಲ ಕೂಲಿ ಸಾಕು, ಬೇರೆಯವರ ಹಾಡಿನಿಂದ ಜೀವನಪೂರ್ತಿ ರಾಯಲ್ಟಿ ತಗೊಳ್ಳೋದು ನ್ಯಾಯ ಅಲ್ಲ ಅಂತ ಲಕ್ಷಾಂತರ ಡಾಲರ್ ಬಿಟ್ಟವನು. 1993ರ ಫೆಬ್ರುವರಿಯಲ್ಲಿ ಮಿನೆಸೋಟಾದ ಹಿಮದ ನಡುವಿನ ಸ್ಟುಡಿಯೋದಲ್ಲಿ ಎರಡೇ ವಾರದಲ್ಲಿ ಕೆಲಸ ಮುಗೀತು. ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಗಿ ಅದೂ ಮೊದಲ ಸ್ಥಾನಕ್ಕೆ ಬಂತು. ಈ ನಡುವೆಯೇ ಎರಡು ಮಾದರಿಯ ಗಿಟಾರ್ ಫೋಟೋಗಳನ್ನ ಕತ್ತರಿಸಿ ಅಂಟಿಸಿ ಫೆಂಡರ್ ಕಂಪನಿಗೆ ಕೊಟ್ಟ. ಅವರು ಅದನ್ನೇ ನೋಡಿ ಜ್ಯಾಗ್-ಸ್ಟ್ಯಾಂಗ್ ಅನ್ನೋ ಹೊಸ ಗಿಟಾರ್ ಮಾಡಿದರು. ಕ್ಯಾಡ್ ಸಾಫ್ಟ್‌ವೇರ್ ಇಲ್ಲ, ಕತ್ತರಿ ಮತ್ತು ಗೋಂದು.

1993ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ಎಂಟಿವಿ ಅನ್‌ಪ್ಲಗ್ಡ್ ರೆಕಾರ್ಡಿಂಗ್. ವೇದಿಕೆ ತುಂಬಾ ಬಿಳಿ ಲಿಲ್ಲಿ ಹೂವು, ಕಪ್ಪು ಮೇಣದಬತ್ತಿ, ಹಸಿರು ಸ್ವೆಟರ್ ಹಾಕಿದ ಕರ್ಟ್. ಚಾನೆಲ್‌ನವರಿಗೆ ಹಿಟ್ ಹಾಡುಗಳು ಬೇಕಿತ್ತು. ಅವನು ಟೀನ್ ಸ್ಪಿರಿಟ್ ಮುಟ್ಟಲೇ ಇಲ್ಲ. ಡೇವಿಡ್ ಬೋವಿಯ ಹಾಡು ಹಾಡಿದ, ಹೆಚ್ಚು ಜನಕ್ಕೆ ಗೊತ್ತಿಲ್ಲದ ಮೀಟ್ ಪಪೆಟ್ಸ್ ಬ್ಯಾಂಡಿನವರನ್ನ ಸ್ಟೇಜಿಗೇ ಕರೆದು ಅವರ ಮೂರು ಹಾಡು ಹಾಡಿದ, ಕೊನೆಗೆ ಬ್ಲೂಸ್ ಗಾಯಕ ಲೆಡ್ ಬೆಲ್ಲಿಯಿಂದ ಬಂದ ಹಳೇ ಜಾನಪದ ಹಾಡು. ಡಿಸ್ಟಾರ್ಷನ್ ತೆಗೆದ ಮೇಲೂ ಉಳಿಯೋದು ಏನು ಅಂತ ಅವತ್ತು ಗೊತ್ತಾಯ್ತು. ಹಾಡು ಉಳಿಯುತ್ತೆ. ಗ್ರಂಜ್ ಅಂದ್ರೆ ಬರೀ ಪೆಡಲ್ ಸದ್ದು ಅನ್ನೋರಿಗೆ ನಾನು ಇದನ್ನೇ ಕೇಳಿಸ್ತೀನಿ. ಇನ್ನೊಂದು ಹಾಡು ಅಂತ ಕೇಳಿದಾಗ, ಇದಕ್ಕಿಂತ ಚೆನ್ನಾಗಿ ಆಗಲ್ಲ ಅಂತ ಅವನು ಎದ್ದುಬಿಟ್ಟ.

1994ರ ಮಾರ್ಚ್ 1ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆದಿದ್ದೇ ನಿರ್ವಾಣದ ಕೊನೆಯ ಕಾರ್ಯಕ್ರಮ. ಮೂರು ದಿನದ ನಂತರ ರೋಮ್‌ನಲ್ಲಿ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ. ಮನೆಯವರು, ಗೆಳೆಯರು ಸೇರಿ ವ್ಯಸನ ಬಿಡಿಸೋ ಕೇಂದ್ರಕ್ಕೆ ಒಪ್ಪಿಸಿದರು. ಅಲ್ಲಿಂದ ಕೆಲವೇ ದಿನಕ್ಕೆ ಹೊರಗೆ ಬಂದು ಸಿಯಾಟಲ್‌ಗೆ ಹೋದ. ಏಪ್ರಿಲ್ 5ರಂದು ತನ್ನ ಮನೆಯಲ್ಲಿ ಒಬ್ಬನೇ ಇದ್ದಾಗ ಪ್ರಾಣ ಕಳ್ಕೊಂಡ. ಮೂರು ದಿನ ಯಾರಿಗೂ ಗೊತ್ತಾಗಲಿಲ್ಲ. 8ನೇ ತಾರೀಖು ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ನೋಡಿದ. ಮಗಳಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ.

ಉಳಿದವರು

ಅನ್‌ಪ್ಲಗ್ಡ್ ಆಲ್ಬಂ ಅವನು ಹೋದ ಮೇಲೆ ಬಂತು, ಗ್ರ್ಯಾಮಿ ಗೆದ್ದಿತು. ಅವತ್ತು ಅವನು ನುಡಿಸಿದ ಗಿಟಾರ್ 2020ರಲ್ಲಿ 60 ಲಕ್ಷ ಡಾಲರ್‌ಗಿಂತ ಹೆಚ್ಚಿಗೆ ಹರಾಜಾಯ್ತು. ಬ್ಲೀಚ್ ರೆಕಾರ್ಡ್ ಮಾಡೋಕೆ ಬೇಕಾದ ದುಡ್ಡಿನ ಸುಮಾರು ಹತ್ತು ಸಾವಿರ ಪಟ್ಟು. ಅವನಿದ್ದಾಗ 606 ಡಾಲರ್ ಸಾಲ ಮಾಡಬೇಕಿತ್ತು, ಹೋದ ಮೇಲೆ ಮುಟ್ಟಿದ ಮರದ ತುಂಡಿಗೂ ಬಂಗಾರದ ಬೆಲೆ.

ನನಗೆ ಕಾಡೋದು ಇನ್ನೊಂದು ವಿಷಯ. ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ ಟೆರೇಸ್ ಮೇಲೆ ನಾವೆಲ್ಲ ತತ್ವ ಮಾತಾಡ್ತೀವಲ್ಲ, ಆಗ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ: ನೋವಿದ್ರೆ ಮಾತ್ರ ಕಲೆ ಬರೋದು, ದೊಡ್ಡ ಕಲಾವಿದರು 27ಕ್ಕೇ ಹೋಗ್ತಾರೆ. ಕರ್ಟ್, ಜಿಮಿ ಹೆಂಡ್ರಿಕ್ಸ್, ಜಾನಿಸ್ ಜೋಪ್ಲಿನ್, ಜಿಮ್ ಮಾರಿಸನ್ ಅಂತ ಪಟ್ಟಿ ಬರುತ್ತೆ. ನಾನೂ ಫಸ್ಟ್ ಇಯರ್‌ನಲ್ಲಿ ಸುಮ್ಮನೆ ತಲೆ ಆಡಿಸಿದ್ದೆ. ಈಗ ಒಪ್ಪಲ್ಲ. 27ರಲ್ಲಿ ಸಂಗೀತಗಾರರು ಹೆಚ್ಚಾಗಿ ಸಾಯ್ತಾರೆ ಅನ್ನೋದನ್ನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ 2011ರ ಅಧ್ಯಯನವೊಂದು ಲೆಕ್ಕ ಹಾಕಿ ನೋಡಿತು, ಆ ವಯಸ್ಸಿಗೆ ವಿಶೇಷ ಏನೂ ಕಾಣಲಿಲ್ಲ. ಕರ್ಟ್‌ನ ಹಾಡು ಬಂದಿದ್ದು ಬ್ಯೂಟಿ ಪಾರ್ಲರ್ ಮಹಡಿಯ ಪ್ರಾಕ್ಟೀಸಿನಿಂದ, ತುಂಬಿದ ನೋಟ್‌ಬುಕ್ಕಿನಿಂದ, ಬಜ್ ಕೇಳಿಸಿದ ಪಂಕ್‌ನಿಂದ, ದುಡ್ಡು ಕೊಟ್ಟ ಜೇಸನ್‌ನಿಂದ, ಎಸಿ ಆಫ್ ಮಾಡಿದ ವಿಗ್‌ನಿಂದ. ಕಾಯಿಲೆ ಮತ್ತು ವ್ಯಸನ ಅವನಿಗೆ ಹಾಡು ಕೊಡಲಿಲ್ಲ. ಬರಬೇಕಾಗಿದ್ದ ಹಾಡುಗಳನ್ನ ಕಿತ್ಕೊಂಡವು. ಅದೇ ಸಂಗೀತ, ಅದೇ ಊರಿನ ಬಜ್ ಆಸ್ಬರ್ನ್ ದಶಕಗಳಾದ ಮೇಲೂ ಮೆಲ್ವಿನ್ಸ್ ನಡೆಸ್ತಾ ಬಂದ. ಪರ್ಲ್ ಜ್ಯಾಮ್ ನಿಲ್ಲಲಿಲ್ಲ. ಅದೇ ಬ್ಯಾಂಡಿನ ಡ್ರಮ್ ಸೆಟ್ ಹಿಂದೆ ಕೂತಿದ್ದ ಡೇವ್ ಗ್ರೋಲ್ ದುಃಖದಿಂದ ಎದ್ದು ಬಂದು 1994ರಲ್ಲಿ ಫೂ ಫೈಟರ್ಸ್ ಶುರು ಮಾಡಿದ. ಬದುಕೋದು ಗ್ರಂಜ್‌ಗೆ ವಿರುದ್ಧ ಏನಲ್ಲ.

ಪಿಸುಮಾತು ಮತ್ತು ಸ್ಫೋಟದ ನಡುವಿನ ಆಟವೇ ಕರ್ಟ್‌ನ ಸಂಗೀತ ಅಂದೆ. ಅವನ ಕೊನೆಯ ದಿನಗಳಲ್ಲಿ ಇದ್ದಿದ್ದು ಬರೀ ಮೌನ, ಅದೂ ಯಾರಿಗೂ ಕೇಳಿಸದ ಮೌನ. ನಮ್ಮ ಹಾಸ್ಟೆಲಿನಲ್ಲೂ ಬ್ಯಾಕ್‌ಲಾಗ್ ಅಂತಲೋ, ಮನೆಯ ಕಷ್ಟ ಅಂತಲೋ, ಏನೂ ಕಾರಣ ಇಲ್ಲದೇನೋ ವಾರಗಟ್ಟಲೆ ಬಾಗಿಲು ಹಾಕ್ಕೊಂಡು ಇರೋರು ಇದ್ದಾರೆ. ಪಕ್ಕದ ರೂಮು ಸುಮ್ಮನಾಗಿದ್ರೆ ಒಂದ್ಸಲ ಬಾಗಿಲು ತಟ್ಟಿ, ಟೀಗೆ ಕರೀರಿ. ನೀವೇ ಆ ರೂಮಿನೊಳಗೆ ಇದ್ರೆ, ಒಬ್ಬರಿಗಾದ್ರೂ ಬಾಯಿಬಿಟ್ಟು ಹೇಳಿ. ಹೇಳೋಕೆ ಯಾರೂ ಸಿಗದಿದ್ರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿಗಾದ್ರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆ ಟಿ-ಶರ್ಟ್ ಈಗಲೂ ನನ್ನ ಹತ್ರ ಇದೆ, ಒಗೆದೂ ಒಗೆದೂ ಸ್ಮೈಲಿ ಮಾಸಿದೆ. ಮೊನ್ನೆ ಮೆಸ್ಸಿನಲ್ಲಿ ಫಸ್ಟ್ ಇಯರ್ ಹುಡುಗ ಒಬ್ಬ ಅದೇ ಹಾಕ್ಕೊಂಡು ಬಂದಿದ್ದ. ಮೂರು ಹಾಡಿನ ಹೆಸರು ಕೇಳೋಣ ಅಂತ ಬಾಯಿ ತೆರೆದವನು ಕೇಳಲಿಲ್ಲ. ಊಟ ಆಯ್ತಾ ಅಂತ ಕೇಳಿ, ಪಕ್ಕದಲ್ಲಿ ಕೂತು, ಒಂದು ಇಯರ್‌ಫೋನ್ ಅವನ ಕೈಗೆ ಕೊಟ್ಟೆ. ಅನ್‌ಪ್ಲಗ್ಡ್‌ನಿಂದಲೇ ಶುರು ಮಾಡಿದ್ವಿ.